ಗುರುಲಿಂಗವ್ವ ಬೇವೂರಿಗೆ ಹೊರಟದ್ದು

ಬಾಗಲಕೋಟೆಯ ನವನಗರದಲ್ಲಿ ಹೊಳಬಸಪ್ಪನ ಕಿರಾಣಿ ಅಂಗಡಿ ಎಂದರೆ ಆ ಸೆಕ್ಟರಿನ ಸಣ್ಣ ಹುಡುಗರಿಗೂ ಗೊತ್ತು. ಅಂಗಡಿಯ ಹಿಂದಿನ ಓಣಿಯಲ್ಲಿ ಅವನ ಮನೆ. ಆ ಮನೆಯಲ್ಲಿ ಅವನ ಹೆಂಡತಿ ಸಾವಂತ್ರೆವ್ವ, ಮಗ ನಾಗಲಿಂಗ, ಜೊತೆಗೆ ಅವನ ಅಕ್ಕ ಗುರುಲಿಂಗವ್ವ ಇದ್ದರು. ಮಗಳು ನೇತ್ರಾಳನ್ನು ಇಳಕಲ್ಲಿಗೆ ಕೊಟ್ಟಿದ್ದರು. ಅಕ್ಕ ಇದ್ದಾಳೆ ಎಂಬುದು ಓಣಿಗೆಲ್ಲ ಗೊತ್ತಿತ್ತು. ಆದರೆ ಆಕೆಯನ್ನು ಯಾರೂ ಬೇರೆಯಾಗಿ ನೆನೆದವರಲ್ಲ. ಮನೆಗೆ ಹೋದರೆ ಚಹಾ ಬರುತ್ತಿತ್ತು, ಚಹಾದ ಹಿಂದೆ ಆಕೆ ಇರುತ್ತಿದ್ದಳು, ಅಷ್ಟೆ.

ಗುರುಲಿಂಗವ್ವ ಹುಟ್ಟಿದ್ದು ಹಳೇ ಬಾಗಲಕೋಟೆಯಲ್ಲಿ, ಈಗ ಆಣೆಕಟ್ಟಿನ ನೀರು ನಿಂತಿರುವ ಕಡೆ. ಹದಿನೇಳನೆಯ ವರ್ಷಕ್ಕೆ ಬೇವೂರಿಗೆ ಮದುವೆ ಮಾಡಿ ಕೊಟ್ಟರು. ಒಂದೇ ಹಂದರದಲ್ಲಿ ಎರಡು ಮದುವೆ ಆದವು. ಆ ಮನೆಯ ಅಣ್ಣ ಈರಪ್ಪನಿಗೆ ಗುರುಲಿಂಗವ್ವ, ತಮ್ಮ ಹುಲ್ಲಪ್ಪನಿಗೆ ರಂಗವ್ವ. ಒಂದೇ ದಿನ ಒಂದೇ ಮನೆಯ ಹೊಸ್ತಿಲು ದಾಟಿ ಬಂದ ಆ ಇಬ್ಬರು ಹುಡುಗಿಯರು ನೆಗೆಣಿಯರಾಗುವ ಮೊದಲು ಗೆಳತಿಯರಾದರು. ಬಾವಿಗೆ ಕೂಡಿಯೇ ಹೋದರು, ಹೊಲಕ್ಕೆ ಬುತ್ತಿ ಹೊತ್ತು ಕೂಡಿಯೇ ನಡೆದರು. ಅತ್ತೆ ಬಯ್ದರೆ ದನದ ಕೊಟ್ಟಿಗೆಯಲ್ಲಿ ಕೂತು ಒಬ್ಬಳ ಸೆರಗಿನಲ್ಲಿ ಇನ್ನೊಬ್ಬಳು ನಕ್ಕರು.

ಎರಡು ವರ್ಷವಾಗುವಷ್ಟರಲ್ಲಿ ಈರಪ್ಪನಿಗೆ ಕಾಮಾಲಿ ಬಂತು. ಊರ ಮದ್ದು ಆಯಿತು, ದವಾಖಾನೆ ಆಯಿತು, ಉಳಿಯಲಿಲ್ಲ. ದಿನಕರ್ಮ ಮುಗಿದ ಮೇಲೆ ಗುರುಲಿಂಗವ್ವನ ತಂದೆ ಚಕ್ಕಡಿ ಕಟ್ಟಿಕೊಂಡು ಬಂದು ಮಗಳನ್ನು ಕರೆದುಕೊಂಡು ಹೊರಟ. ರಂಗವ್ವ ಊರ ಹೊರಗಿನ ಬಾವಿಯ ತನಕ ಚಕ್ಕಡಿಯ ಹಿಂದೆ ನಡೆದು ಬಂದು ಅಲ್ಲೇ ನಿಂತಳು.

ತವರಿಗೆ ಬಂದಾಗ ತಾಯಿ ಹಾಸಿಗೆ ಹಿಡಿದಿದ್ದಳು. ತಮ್ಮ ಹೊಳಬಸಪ್ಪನಿಗೆ ಆಗ ಹದಿನಾರು. ಗುರುಲಿಂಗವ್ವ ಸೀದಾ ಒಲೆಯ ಮುಂದೆ ಕೂತಳು, ಕೂತವಳು ಏಳಲಿಲ್ಲ. ತಾಯಿಯನ್ನು ನೋಡಿಕೊಂಡಳು, ಆಮೇಲೆ ತಂದೆಯನ್ನು. ತಮ್ಮನಿಗೆ ಹೆಣ್ಣು ನೋಡಲು ಹೋದವಳು ಆಕೆಯೇ. ಸಾವಂತ್ರೆವ್ವನ ಎರಡೂ ಬಾಣಂತನ ಮಾಡಿ, ಕೂಸುಗಳನ್ನು ಕಾಲ ಮೇಲೆ ಹಾಕಿಕೊಂಡು ಎರೆದವಳೂ ಆಕೆಯೇ. ಹಳೇ ಊರಿಗೆ ನೀರು ಬಂದು ಎಲ್ಲರೂ ಮನೆ ಬಿಚ್ಚಿ ನವನಗರಕ್ಕೆ ಸಾಗಿದಾಗ, ಉಪ್ಪಿನಕಾಯಿ ಭರಣಿಗಳನ್ನು ಟ್ರ್ಯಾಕ್ಟರಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದಳು. ಹೊಳಬಸಪ್ಪ ಒಳ್ಳೆಯವನು. ಹೆಂಡತಿಗೆ ಒಂದು ಸೀರೆ ತಂದರೆ ಅಕ್ಕನಿಗೂ ಒಂದು ತರುತ್ತಿದ್ದ. ಮನೆಯಲ್ಲಿ ಆಕೆಗೆ ಒಂದು ಎದುರು ಮಾತು ಆಡಿದವರಿರಲಿಲ್ಲ.

ರಂಗವ್ವನ ಭೇಟಿ ಆಗುತ್ತಿದ್ದದ್ದು ಮದುವೆ ಮುಂಜಿಗಳಲ್ಲಿ, ಆಗೊಮ್ಮೆ ಈಗೊಮ್ಮೆ ಸಂತೆಯಲ್ಲಿ. ಹುಲ್ಲಪ್ಪ ಎರಡು ವರ್ಷದ ಹಿಂದೆ ತೀರಿಕೊಂಡ. ಇದ್ದ ಇಬ್ಬರು ಹೆಣ್ಣುಮಕ್ಕಳು ಹುನಗುಂದದಲ್ಲಿ, ಕುಷ್ಟಗಿಯಲ್ಲಿ ಸಂಸಾರ ಮಾಡಿಕೊಂಡಿದ್ದರು. ಈ ವರ್ಷ ಬೇಸಿಗೆಗೆ ಮುಂಚೆ ರಂಗವ್ವ ಕಣ್ಣಿನ ಪೊರೆ ತೆಗೆಸಲು ಬಾಗಲಕೋಟೆಗೆ ಬಂದಳು. ಆಪರೇಶನ್ ಆದ ಮೇಲೆ ಒಂದು ವಾರ ಹೊಳಬಸಪ್ಪನ ಮನೆಯಲ್ಲೇ ಇದ್ದಳು. ಗುರುಲಿಂಗವ್ವ ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ ಹಾಕುತ್ತಿದ್ದಳು. ಒಂದು ಮಧ್ಯಾಹ್ನ ಹನಿ ಹಾಕಿಸಿಕೊಂಡು ಅಂಗಾತ ಮಲಗಿದ್ದ ರಂಗವ್ವ, ಕಣ್ಣು ಮುಚ್ಚಿಕೊಂಡೇ ಅಂದಳು:

“ಗುರುಲಿಂಗಿ, ಇನ್ನ ನೀ ಬಂದ ಬಿಡ. ಆ ಮನಿ ನಿಂದೂ ಐತಿ. ಇಬ್ಬರೂ ಕೂಡೇ ಇರೂಣು.”

ಗುರುಲಿಂಗವ್ವ ಔಷಧದ ಬಾಟಲಿಯ ಮುಚ್ಚಳ ಹಾಕಿ, ಅರಿವೆಯಿಂದ ಆಕೆಯ ಕೆನ್ನೆ ಒರೆಸಿ, ಎದ್ದು ಹೋದಳು. ರಂಗವ್ವ ಊರಿಗೆ ಹೋಗಿ ತಿಂಗಳಾದ ಮೇಲೆ, ಒಂದು ಮುಂಜಾನೆ ತಮ್ಮನ ಮುಂದೆ ಚಹಾ ಇಡುತ್ತ ಅಂದಳು:

“ತಮ್ಮಾ, ನಾ ಬೇವೂರಿಗೆ ಹೋಗಿ ಇರ್ತೇನಿ.”

“ಹೋಗಿ ಬಾ. ಎಷ್ಟ ದಿನಾ?”

“ಇನ್ನ ಅಲ್ಲೇ ಇರ್ತೇನಿ.”

ಹೊಳಬಸಪ್ಪ ಆಕೆಯ ಮುಖವನ್ನೇ ನೋಡಿದ. ಆಕೆ ಚಾಷ್ಟಿ, ತಮಾಷೆ ಮಾಡುವವಳಲ್ಲ. ಚಹಾ ಅಲ್ಲೇ ಬಿಟ್ಟು ಎದ್ದು ಅಂಗಡಿಗೆ ಹೋದ.

ಅಂದಿನಿಂದ ಅವನು ಅಕ್ಕನ ಜೊತೆ ಮಾತು ಬಿಟ್ಟ. ಜಗಳ ಮಾಡಲಿಲ್ಲ, ಸುಮ್ಮನೆ ಮಾತು ಬಿಟ್ಟ. ಏನಾದರೂ ಅನ್ನುವುದಿದ್ದರೆ ಆಕೆಗೆ ಕೇಳುವಂತೆ ಹೆಂಡತಿಯ ಮುಂದೆ ಅನ್ನುತ್ತಿದ್ದ. “ಮಂದಿ ಏನಂತಾರ? ವಯಸ್ಸಾದ ಮ್ಯಾಲೆ ಅಕ್ಕನ್ನ ಹೊರಗ ಹಾಕಿದಾ ಅಂತಾರ.” ಇನ್ನೊಂದು ದಿನ, “ರಂಗಕ್ಕನ ಮನಿ ಮಣ್ಣಿನ ಮಾಳಗಿ ಮನಿ. ಮಳಿ ಬಂದ್ರ ಸೋರತೈತಿ.” ಸಾವಂತ್ರೆವ್ವ ಎರಡೂ ಕಡೆ ಮುಖ ನೋಡಿ ಕೆಲಸಕ್ಕೆ ತಿರುಗುತ್ತಿದ್ದಳು.

ಅಕ್ಕನ ಮನಸ್ಸು ತಿರುಗುವುದಿಲ್ಲ ಎಂದು ಗೊತ್ತಾದ ಮೇಲೆ ಅವನೇ ಒಂದು ವಿಚಾರ ತೆಗೆದ. ಕಲ್ಯಾಣ ಮಂಟಪ ಹಿಡಿಯುವುದು, ಬೀಗರು ಬಿಜ್ಜರು, ಅಂಗಡಿಯ ಗಿರಾಕಿಗಳು ಎಲ್ಲರನ್ನೂ ಕರೆದು ಊಟ ಹಾಕಿಸಿ, ಅಕ್ಕನಿಗೆ ಎಲ್ಲರೆದುರು ಸೀರೆ ಉಡಿಸಿ ಕಳಿಸುವುದು. ತಾವು ಕಳಿಸಿದ್ದಲ್ಲ, ಆಕೆಯೇ ಹೋದದ್ದು ಎಂಬುದು ಊರಿಗೆಲ್ಲ ಗೊತ್ತಾಗಲಿ ಎಂಬುದು ಅವನ ಲೆಕ್ಕ. ಸಾವಂತ್ರೆವ್ವ ಇದನ್ನು ಹೇಳಿದಾಗ ಗುರುಲಿಂಗವ್ವ ಸೊಪ್ಪು ಸೋಸುತ್ತಿದ್ದಳು.

“ಮದುವಿ ಹೆಣ್ಣೇನು ನಾ?” ಅಂದಳು. “ಮಂಟಪ ಹಿಡದ್ರ ಹಿಂದಿನ ದಿನಾನ ಬಸ್ ಹತ್ತಿ ಹೋಗ್ತೇನಂತ ಹೇಳ ಅವಗ.”

ಈ ತಿಕ್ಕಾಟದ ಸುದ್ದಿ ಇಳಕಲ್ಲಿಗೆ ಮುಟ್ಟಿ, ನೇತ್ರಾ ಮಗಳು ಐಶ್ವರ್ಯಾಳನ್ನು ಕಟ್ಟಿಕೊಂಡು ಬಂದಳು. ನೇತ್ರಾ ಅಲ್ಲಿ ಒಂದು ಸಾಲಿಯಲ್ಲಿ ಟೀಚರು. ಗಂಡ ಗ್ರಾನೈಟ್ ಪಾಲಿಶ್ ಮಾಡುವ ಕಡೆ ಕೆಲಸಕ್ಕಿದ್ದ. ಐಶ್ವರ್ಯಾಳನ್ನು ತೊಟ್ಟಿಲಿಗೆ ಹಾಕುವ ದಿನ ನೇತ್ರಾಳ ಅತ್ತೆಯ ಮನೆಯಲ್ಲಿ ದೊಡ್ಡ ಕಾರ್ಯ ಮಾಡಿದ್ದರು. ಮನೆಯ ಹೆಂಗಸರೆಲ್ಲ ಬೆಳಗಿನಿಂದ ಸಂಜೆಯ ತನಕ ಬಡಿಸಿ ಬಡಿಸಿ ದಣಿದು, ಕೂಸಿನ ಮುಖ ನೋಡಲು ಯಾರಿಗೂ ಪುರಸತ್ತು ಇರಲಿಲ್ಲ. ನೇತ್ರಾ ಅದನ್ನು ಮರೆತಿರಲಿಲ್ಲ. ಆವತ್ತು ಕೂಡ ಗುರುಲಿಂಗವ್ವ ಪಾತ್ರೆಯ ರಾಶಿಯ ಮುಂದೆ ಕೂತಿದ್ದಳು. ಕೂಸಿಗೆ ತಂದ ಬೆಳ್ಳಿಯ ಕಾಲ್ಗಡಗ ಆಕೆಯ ಸೊಂಟದ ಚೀಲದಲ್ಲೇ ಉಳಿದು, ಮರುದಿನ ಹಾಕಿದ್ದಳು.

“ಕಾರ್ಯಾ ಮಾಡೂದ ಬ್ಯಾಡ, ಹಂಗ ಕಳಸೂದೂ ಬ್ಯಾಡ,” ಅಂದಳು ನೇತ್ರಾ. “ಬರೂ ಆಯಿತವಾರ ಮನ್ಯಾಗ ನಾವ ನಾವ ಕೂಡಿ ಉಣ್ಣೂಣು. ನಮ್ಮವರು, ಬಾಜೂ ಮನಿ ರಂಜಾನಬಿ ಮೌಶಿ, ಮುಗೀತು. ಒಲೀ ಮುಂದ ಯಾರೂ ಬೇಯಬಾರದು. ಮೊದಲ ಮಾಡಿ ಇಡೂದನ್ನೆಲ್ಲಾ ಮೊದಲ ಮಾಡಿ ಇಡೂಣು.”

“ಸಿಹಿಗೆ?” ಅಂದಳು ಸಾವಂತ್ರೆವ್ವ.

“ಮಾದಲಿ. ನಾ ಇಳಕಲ್ಲದಾಗ ಮಾಡಿಕೊಂಡ ಬರ್ತೇನಿ, ವಾರ ಇಟ್ರೂ ಕೆಡೂದಿಲ್ಲ. ಮ್ಯಾಲೆ ಹಾಲು ತುಪ್ಪ ಹಾಕಿದ್ರ ಆತು. ರೊಟ್ಟಿ ಖಾನಾವಳ್ಯಾಗ ಹೇಳೂಣು. ಶೇಂಗಾ ಚಟ್ನಿ, ಅಗಸಿ ಚಟ್ನಿ ಮನ್ಯಾಗ ಅದಾವ. ಆವತ್ತ ಒಂದ ಬದನಿಕಾಯಿ, ಒಂದ ಕಾಳಪಲ್ಯ, ಅನ್ನಾ ಸಾರು. ಅದನ್ನ ನಾನೂ ನಾಗಲಿಂಗನೂ ಮಾಡ್ತೇವಿ.”

“ನಾಗಲಿಂಗ?” ಅಂದಳು ತಾಯಿ.

“ಕಾಯಿಪಲ್ಯ ಹೆಚ್ಚಾಕ ಕೈ ಅದಾವಲ್ಲ ಅವಗ.”

ಇಷ್ಟೆಲ್ಲ ಕೇಳಿ ಗುರುಲಿಂಗವ್ವ ಕೇಳಿದಳು: “ಹಂಗಾರ ನಾ ಏನ ಮಾಡ್ಲಿ?”

“ನೀ ಕುಂದರು, ಅತ್ತಿ.”

“ಕುಂತು?”

“ಕುಂತು ಉಣ್ಣು.”

ಗುರುಲಿಂಗವ್ವನಿಗೆ ಇದು ಅಷ್ಟು ಸರಿ ಕಾಣಲಿಲ್ಲ. ಆದರೆ ಮಂಟಪ ತಪ್ಪಿತಲ್ಲ ಎಂದು ಒಪ್ಪಿಕೊಂಡಳು. ಹೊಳಬಸಪ್ಪನಿಗೆ ಮಗಳು ಎಲ್ಲ ತಿಳಿಸಿ ಹೇಳಿದಳು. ಅವನು, “ನಿಮಗ ಹೆಂಗ ತಿಳೀತೈತಿ ಹಂಗ ಮಾಡ್ರಿ,” ಅಂದು ಪೇಪರು ತೆರೆದ.

ಮಾದಲಿಯ ಡಬ್ಬಿ ಹಿಡಿದು ಹಿಂದಿನ ದಿನವೇ ಬಂದಿದ್ದ ನೇತ್ರಾ ಆಯಿತವಾರ ಬೆಳಗ್ಗೆ ಎದ್ದು ನೋಡಿದರೆ ಅಡುಗೆಮನೆಯಲ್ಲಿ ದೀಪ ಹತ್ತಿತ್ತು. ಗುರುಲಿಂಗವ್ವ ಹಂಚಿಟ್ಟು ರೊಟ್ಟಿ ಬಡಿಯುತ್ತಿದ್ದಳು. ಬುಟ್ಟಿಯಲ್ಲಿ ಆಗಲೇ ರೊಟ್ಟಿ ಒಟ್ಟಿತ್ತು.

“ಅತ್ತಿ, ಖಾನಾವಳ್ಯಾಗ ಹೇಳೇವಲ್ಲ.”

“ಅವ್ರು ಬಿರಸ ಬಡೀತಾರ. ನಿಮ್ಮಪ್ಪಗ ಹಲ್ಲಿಗೆ ಆಗೂದಿಲ್ಲ. ಅವಗಷ್ಟ ನಾಕು ಬಡದೆ.”

ಬುಟ್ಟಿಯಲ್ಲಿ ನಾಕರ ಮೇಲೆ ಎಷ್ಟಿದ್ದವೋ. ನೇತ್ರಾ ಒಲೆ ಆರಿಸಿ, ಅತ್ತಿಯ ಕೈ ತೊಳೆಸಿ, ಕೈ ಹಿಡಿದು ಬಾಜೂ ಮನೆಗೆ ನಡೆಸಿಕೊಂಡು ಹೋದಳು. ಆ ಮನೆಯ ರಂಜಾನಬಿ, ಗುರುಲಿಂಗವ್ವನ ವಾರಿಗೆಯವಳು. ಹಳೇ ಊರಿನಲ್ಲೂ ಇವರ ಓಣಿಯಲ್ಲೇ ಇದ್ದಳು. ಮಗ ಯುನೂಸ ಟಂಟಂ ಆಟೋ ಓಡಿಸುತ್ತಿದ್ದ.

“ಮೌಶಿ, ಸಂಜಿತನಕ ಅತ್ತಿ ನಿಮ್ಮಲ್ಲೇ ಇರ್ಲಿ. ಮನ್ಯಾಗಿದ್ರ ಕೆಲಸಾ ಬಿಡೂದಿಲ್ಲ.”

“ಬಿಟ್ಟ ಹೋಗವ್ವ. ನಾ ಕಾಯ್ತೇನಿ,” ಅಂದಳು ರಂಜಾನಬಿ.

ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂಡಿಸಿದಳು. ಗುರುಲಿಂಗವ್ವ ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಮೂಲೆಯಲ್ಲಿ ಕೇರುವ ಮರದಲ್ಲಿ ತೊಗರಿಬೇಳೆ ಇತ್ತು. ಕೈ ಆ ಕಡೆ ಹೋಯಿತು. ರಂಜಾನಬಿ ಮರ ಎತ್ತಿ ಕಪಾಟದ ಮೇಲೆ ಇಟ್ಟಳು.

“ಅದನ್ನ ನನ್ನ ಸೊಸಿ ಸ್ವಚ್ಛ ಮಾಡ್ಯಾಳ. ಇಲ್ಲೂ ಕೆಲಸಾ ಹುಡಕಬ್ಯಾಡ.”

ಗುರುಲಿಂಗವ್ವ ನಕ್ಕಳು. ನಗುತ್ತಲೇ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು. ಆಮೇಲೆ, ಮನೆಯಲ್ಲಿ ಯಾರೆದುರಿಗೂ ಆಡದ ಮಾತು ಆಡಿದಳು.

“ರಂಜಾನಬಿ, ಒಳಗ ಅಂಜಿಕಿ ಆಗೇತಿ. ತಮ್ಮನ ಮುಂದ ಧೈರ್ಯಾ ಮಾಡಿ ಹೇಳಿಬಿಟ್ಟೆ. ಅಲ್ಲಿ ಹೋದಮ್ಯಾಲೆ ಇರಾಕ ಆಗಲಿಲ್ಲಂದ್ರ? ನಾವ ಕೂಡಿ ಇದ್ದಾಗ ಸಣ್ಣ ಹುಡಿಗ್ಯಾರು. ಈಗ ಆಕಿ ಚಾಳಿ ಆಕಿಗೆ, ನನ್ನ ಚಾಳಿ ನನಗ.”

“ಆಗಲಿಲ್ಲಂದ್ರ ತಿರುಗಿ ಬಾ,” ಅಂದಳು ರಂಜಾನಬಿ. “ಬಸ್ಸು ಎರಡೂ ಕಡೆ ಓಡ್ತಾವ.”

“ಮಂದಿ ನಗೂದಿಲ್ಲೇನು?”

“ನಗಲಿ. ನಕ್ಕವರ ಮನ್ಯಾಗೇನ ನೀ ಇರಾಕ ಹೋಗ್ತಿ?”

ರಂಜಾನಬಿ ಒಳಗೆ ಹೋಗಿ ಚಹಾ ತಂದಳು. ಆಕೆ ಚಹಾಕ್ಕೆ ಯಾಲಕ್ಕಿ ಹಾಕಿದ್ದಳು. ಬೇರೆಯವರು ಮಾಡಿದ ಚಹಾವನ್ನು ಕೂತು, ಆರುವ ಮೊದಲು, ಪೂರ್ತಿ ಕುಡಿದು ಎಷ್ಟು ದಿನವಾಗಿತ್ತೋ ಗುರುಲಿಂಗವ್ವನಿಗೆ ನೆನಪಾಗಲಿಲ್ಲ. ಕುಡಿದು ಬಟ್ಟಲು ಕೆಳಗಿಟ್ಟು, ಹಾಗೇ ಕುರ್ಚಿಯಲ್ಲಿ ನಿದ್ದೆ ಹೋದಳು.

ಈ ಕಡೆ ಮನೆಯಲ್ಲಿ ಕೆಲಸ ನಿಧಾನವಾಗಿ ನಡೆದಿತ್ತು. ನಾಗಲಿಂಗ ಬದನೆಕಾಯಿ ಸೀಳುವ ಬದಲು ಎರಡು ತುಂಡು ಮಾಡಿದ್ದ. ಇರಲಿ, ಹೋಳು ಪಲ್ಯವೇ ಆಗಲಿ ಎಂದು ನೇತ್ರಾ ಅದನ್ನೇ ಒಗ್ಗರಣೆಗೆ ಹಾಕಿದಳು. ಐಶ್ವರ್ಯಾ ಹಿತ್ತಲಲ್ಲಿ ಚಾಪೆ ಝಾಡಿಸಿ ಹಾಕಿದಳು. ಸಾವಂತ್ರೆವ್ವನಿಗೆ ಮಾಡಲು ಹೆಚ್ಚಿನ ಕೆಲಸ ಕೊಟ್ಟಿರಲಿಲ್ಲ. ಆಕೆ ಬಚ್ಚಲಲ್ಲಿ ಕೂತು, ಬೆಳಗ್ಗೆ ಗುರುಲಿಂಗವ್ವ ಬಿಟ್ಟು ಹೋದ ರೊಟ್ಟಿಯ ಹಂಚನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು. ಎಷ್ಟು ಹೊತ್ತಾದರೂ ಎದ್ದು ಬರಲಿಲ್ಲ. ನೇತ್ರಾ ಹೋಗಿ ನೋಡಿದರೆ ತಾಯಿಯ ಕಣ್ಣು ತೊಯ್ದಿದ್ದವು.

“ಅವ್ವಾ, ಅಳಬಾರದಂತ ಮಾತಾಗೇತಿ.”

“ಅಳಾಕ ಹತ್ತಿಲ್ಲ. ಬೂದಿ ಹಾರೇತಿ,” ಅಂದಳು ಸಾವಂತ್ರೆವ್ವ.

ಸಂಜೆ ಊಟ ಎಂದು ಮಾತಾಗಿತ್ತು. ಹೊಳಬಸಪ್ಪ ಮುಂಜಾನೆಯೇ ಲಿಂಗಪೂಜೆ ಮುಗಿಸಿ, ನಾಷ್ಟಾ ಮಾಡದೆ ಹೊರಗೆ ಹೋದವನು ಮಧ್ಯಾಹ್ನಕ್ಕೂ ಬರಲಿಲ್ಲ. ಅಂಗಡಿಗೆ ಹೋಗಿದ್ದಾನೆ ಎಂದುಕೊಂಡಿದ್ದರು. ನಾಗಲಿಂಗ ಹೋಗಿ ನೋಡಿದರೆ ಅಂಗಡಿಯ ಶಟರ್ ಎಳೆದಿತ್ತು. ಫೋನ್ ಮಾಡಿದರೆ ಮನೆಯ ಗೂಟಕ್ಕೆ ಹಾಕಿದ್ದ ಅವನ ಅಂಗಿಯ ಕಿಸೆಯಲ್ಲೇ ರಿಂಗಾಯಿತು.

“ಸಿಟ್ಟಿಗೆ ಹೋಗ್ಯಾರ,” ಅಂದಳು ಸಾವಂತ್ರೆವ್ವ. “ಇವತ್ತಿನ ಊಟಕ್ಕ ಬರೂದಿಲ್ಲ ಅವ್ರು. ನನಗ ಗೊತ್ತಿತ್ತು.”

ಹೊತ್ತು ಇಳಿಯಿತು. ನೇತ್ರಾಳ ಗಂಡ ಇಳಕಲ್ಲಿನಿಂದ ಬಸ್ಸಿಗೆ ಬಂದ. ರಂಜಾನಬಿ ಒಂದು ಬುಟ್ಟಿ ಮಾವಿನಹಣ್ಣು ಹಿಡಿದು, ಗುರುಲಿಂಗವ್ವನನ್ನು ಕರೆದುಕೊಂಡು ಬಂದಳು. ನಿದ್ದೆ ಮಾಡಿ ಎದ್ದು ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಹಸಿರು ದಡಿಯ ಸೀರೆ ಉಟ್ಟು ಬಂದ ಗುರುಲಿಂಗವ್ವ ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲರನ್ನೂ ನೋಡಿದಳು.

“ತಮ್ಮ ಎಲ್ಲಿ?”

ನೇತ್ರಾ, “ಬರ್ತಾರ. ನೀ ಕುಂದರು, ಅತ್ತಿ,” ಅಂದಳು.

ಗುರುಲಿಂಗವ್ವನನ್ನು ಚಾಪೆಯ ನಡುವೆ ಕೂಡಿಸಿದರು. ತಾಟಿನಲ್ಲಿ ರೊಟ್ಟಿ, ಪಲ್ಯ, ಚಟ್ನಿ, ಮೊಸರು ಬಂದವು. ಮಾದಲಿಯ ಮೇಲೆ ಹಾಲು ಹಾಕಿದರು. ಆಕೆ ತಾಟಿಗೆ ಕೈ ಹಚ್ಚಲಿಲ್ಲ.

“ಹುಡುಗಿಗೆ ಉಣ್ಣಾಕ ಕೊಡ್ರಿ. ಅವ ಬಂದಮ್ಯಾಲೆ ನಾ ಉಣ್ತೇನಿ.”

ಐಶ್ವರ್ಯಾಳಿಗೆ ಬಡಿಸಿದರು. ಅವಳು ಉಂಡಳು. ಗುರುಲಿಂಗವ್ವನ ತಾಟಿನಲ್ಲಿ ಮಾದಲಿ ಹಾಲು ಕುಡಿದು ಉಬ್ಬಿತು. ಸಾವಂತ್ರೆವ್ವ ಬಂದು ಆಕೆಯ ಬಾಜೂ ಕೂತಳು. ಇಬ್ಬರೂ ಆ ಮನೆಯಲ್ಲಿ ಒಂದೇ ಪಂಕ್ತಿಗೆ ಕೂತದ್ದು ಕಡಿಮೆ. ಯಾವಾಗಲೂ ಒಬ್ಬಳು ಬಡಿಸಬೇಕಾಗುತ್ತಿತ್ತು.

“ಅಕ್ಕಾರ,” ಅಂದಳು ಸಾವಂತ್ರೆವ್ವ ಸಣ್ಣ ದನಿಯಲ್ಲಿ. “ನಾ ಈ ಮನಿಗೆ ಬಂದಾಗ ನಮ್ಮವ್ವ ಹೇಳಿದ್ಲು, ನಾದಿನಿ ಇರೂ ಮನಿ, ಹುಷಾರ ಅಂತ. ನಿಮ್ಮ ಕೂಡ ಜಗಳಾ ಆಡಾಕ ಎಷ್ಟೋ ವರ್ಷ ನೆವಾ ಹುಡಕಿದೆ. ಸಿಗಲಿಲ್ಲ.”

“ಒಂದಿಟ ಚಂದಂಗ ಹುಡಕಿದ್ರ ಸಿಗತಿತ್ತು,” ಅಂದಳು ಗುರುಲಿಂಗವ್ವ.

ಇಬ್ಬರೂ ನಕ್ಕರು. ಸಾವಂತ್ರೆವ್ವ ಎದ್ದು ಹೋಗಿ ತಿಕ್ಕಿ ಇಟ್ಟಿದ್ದ ಹಂಚನ್ನು ಹಳೆಯ ಟವೆಲಿನಲ್ಲಿ ಸುತ್ತಿ ತಂದು ಆಕೆಯ ಮುಂದಿಟ್ಟಳು. “ಇದು ನಿಮ್ಮ ಕೈಗೆ ಕೂಡೇತಿ. ಒಯ್ರಿ. ನಾ ಹೊಸಾದು ತೊಗೊಂತೇನಿ.” ಗುರುಲಿಂಗವ್ವ ಬೇಡ ಎನ್ನಲಿಲ್ಲ. ಹಂಚಿನ ಮೇಲೆ ಕೈ ಇಟ್ಟುಕೊಂಡು ಕೂತಳು.

ಆಗ ಓಣಿಯಲ್ಲಿ ಟಂಟಂ ನಿಂತ ಸಪ್ಪಳವಾಯಿತು. ಐಶ್ವರ್ಯಾ ಓಡಿ ಹೋಗಿ, ಓಡಿ ಬಂದು, “ಅಜ್ಜ ಬಂದ. ಯುನೂಸ ಕಾಕಾನ ಗಾಡ್ಯಾಗ. ಯಾರೋ ಅಮ್ಮ ಅದಾಳ ಕೂಡ,” ಅಂದಳು.

ಮೊದಲು ಹೊಳಬಸಪ್ಪ ಒಳಗೆ ಬಂದ. ಧೋತರದ ಅಂಚಿಗೆ ಕೆಂಪು ಮಣ್ಣು ಹತ್ತಿತ್ತು. ಅಂಗಿಯ ತೋಳ ಮೇಲೆ ಸುಣ್ಣ ಬಿದ್ದಿತ್ತು. ಅವನ ಹಿಂದೆ, ಕಪ್ಪು ಚಶ್ಮಾ ಹಾಕಿಕೊಂಡು, ಯುನೂಸನ ಕೈ ಹಿಡಿದು ರಂಗವ್ವ ಬಂದಳು.

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಯಾರ ಮುಖವನ್ನೂ ನೋಡದೆ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬಂದ. ಬಂದು, ಎಷ್ಟೋ ದಿನದ ಮೇಲೆ ಅಕ್ಕನ ಕಡೆ ತಿರುಗಿ ಮಾತಾಡಿದ.

“ಆ ಮನಿ ಹಿತ್ತಲ ಬಾಗಿಲಕ್ಕ ಚಿಲಕಾ ಇರಲಿಲ್ಲ. ಹಾಕಿಸಿ ಬಂದೆ.”

ಗುರುಲಿಂಗವ್ವ ಸರಿದು, ಚಾಪೆಯ ಮೇಲೆ ರಂಗವ್ವನಿಗೆ ಜಾಗ ಮಾಡಿದಳು.

“ಬಚ್ಚಲದಾಗ ಲೈಟ ಇರಲಿಲ್ಲ. ಯುನೂಸ ವೈರ ಎಳದ ಹಚ್ಯಾನ. ಮಾಳಗಿ ಮ್ಯಾಲೆ ಎರಡ ಕಡೆ ಸೋರತಿತ್ತು, ಮಣ್ಣ ಹಾಕಿಸಿ ಬಡಿಸೇನಿ. ಮಳಿ ಬಂದ್ರ ಫೋನ್ ಮಾಡು, ಬಂದ ನೋಡ್ತೇನಿ.” ಒದ್ದೆ ಕೈ ಧೋತರಕ್ಕೆ ಒರೆಸಿಕೊಂಡು, “ನೀರ ಚೊಲೋ ಐತಿ. ಕುಡದ ನೋಡಿದೆ,” ಅಂದ.

ರಂಗವ್ವ ಚಾಪೆಯ ಮೇಲೆ ಕೂರುತ್ತ, “ಮುಂಜೇಲಿಂದ ಒಂದ ಕಡೆ ಕುಂತಿಲ್ಲ ಇವ್ರು,” ಅಂದಳು. “ನನ್ನ ಕ್ವಾಣ್ಯಾಗ ಹೊಕ್ಕು ಮಂಚದ ಕಾಲ ಸೈತ ಅಳ್ಳಾಡಿಸಿ ನೋಡಿದ್ರು. ಮಗಳ್ನ ಕೊಡಾಕ ಬಂದವರು ಹಿಂಗ ನೋಡೂದಿಲ್ಲ. ಊಟಾ ಮಾಡ್ರಿ ಅಂದ್ರ, ನಮ್ಮಕ್ಕ ಕಾಯ್ತಿರ್ತಾಳ, ನೀವೂ ನಡೀರಿ ಅಂದ್ರು.”

ಸಾವಂತ್ರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನೇತ್ರಾ ಅಪ್ಪನಿಗೆ ತಾಟು ಹಾಕಲು ಎದ್ದಳು. ಅವನು ಬೇಡ ಎಂದು, ರೊಟ್ಟಿಯ ಬುಟ್ಟಿಯನ್ನು ತಾನೇ ಎತ್ತಿಕೊಂಡ. ಮನೆಯಲ್ಲಿ ಅವನು ಬಡಿಸಿದ್ದನ್ನು ಯಾರೂ ಕಂಡಿರಲಿಲ್ಲ. ರಂಗವ್ವನ ತಾಟಿಗೆ ಹಾಕಿದ, ರಂಜಾನಬಿಗೆ, ಹೆಂಡತಿಗೆ, ಅಳಿಯನಿಗೆ ಹಾಕಿದ. ಅಕ್ಕನ ತಾಟಿನಲ್ಲಿದ್ದ ಆರಿದ ರೊಟ್ಟಿ ತೆಗೆದು ಬೇರೆ ಇಟ್ಟ. ಪಲ್ಯ ಬಡಿಸಲು ಹೋಗಿ ಎಣ್ಣೆಯನ್ನೇ ಹೆಚ್ಚು ಸುರಿದ. ಆಮೇಲೆ ಬುಟ್ಟಿ ಕೆಳಗಿಟ್ಟು, ಅಕ್ಕನ ಎದುರಿಗೆ ನೆಲದ ಮೇಲೆ ಕೂತ.

“ಅಕ್ಕಾ, ಒಂದ ಮಾತ ಕೇಳ್ತೇನಿ. ಇಲ್ಲೆ ಏನ ಕಡಿಮಿ ಆಗಿತ್ತು?”

“ಏನೂ ಕಡಿಮಿ ಆಗಿಲ್ಲೋ, ತಮ್ಮಾ.”

“ಮತ್ತ ಯಾಕ ಹೊಂಟಿ?”

ಗುರುಲಿಂಗವ್ವ ಒಂದು ತುತ್ತು ಮುರಿದು ಬಾಯಿಗೆ ಇಟ್ಟು, ನಿಧಾನವಾಗಿ ನುಂಗಿದಳು.

“ಬೇವೂರಿಗೆ ಹೋಗಂತ ಅಪ್ಪ ಕಳಿಸಿದ, ಹೋದೆ. ತಿರುಗಿ ಬಾ ಅಂತ ಅವನ ಬಂದು ಕರದ, ಬಂದೆ. ಊರ ಮುಳುಗತೈತಿ ನಡಿ ಅಂದ್ರು, ನಡದೆ. ಎಲ್ಲಾ ಚೊಲೋನ ಆತು, ನನಗೇನೂ ಬ್ಯಾಸರಿಲ್ಲ. ಆದ್ರ ತಮ್ಮಾ, ನಾನ ಮನಸ ಮಾಡಿ ಒಂದ ಕಡೆ ಹೋದದ್ದು ಇಲ್ಲಿತನಕ ಇಲ್ಲ. ಇದೊಂದ ಸಲ ಹೋಗ್ತೇನಿ.” ರಂಗವ್ವನ ಕಡೆ ನೋಡಿದಳು. “ಮತ್ತ ಈಕಿ ನನ್ನ ಗುರುಲಿಂಗಿ ಅಂತಾಳ. ಅವ್ವ ಹೋದಮ್ಯಾಲೆ ಹಂಗ ಕರದವರಿಲ್ಲ. ಅದೊಂದ ಕೇಳಾಕ ಆಸೆ ಆಗೇತಿ.”

ಹೊಳಬಸಪ್ಪ ತಲೆ ತಗ್ಗಿಸಿ ಚಾಪೆಯ ಎಳೆಯನ್ನು ಎಳೆಯುತ್ತಿದ್ದ. ಹದಿನಾರು ವರ್ಷದ ಹುಡುಗನಾಗಿದ್ದಾಗ ಚಕ್ಕಡಿಯಿಂದ ಇಳಿದ ಅಕ್ಕನನ್ನು ನೋಡಿ, ಏನು ಮಾತಾಡಬೇಕೋ ತಿಳಿಯದೆ, ಹಸಿವಾಗಿದೆ ಎಂದು ಅಂದಿದ್ದ. ಆಕೆ ಸೀದಾ ಒಳಗೆ ಹೋಗಿ ಒಲೆ ಹೊತ್ತಿಸಿದ್ದಳು. ಈಗ ಅವನಿಗೆ ಅದು ನೆನಪಾಯಿತು.

“ಉಣ್ಣು, ಅಕ್ಕಾ,” ಅಂದ. “ಆರತೈತಿ.”

ಗುರುಲಿಂಗವ್ವ ಉಂಡಳು. ಹೊಟ್ಟೆ ತುಂಬ ಉಂಡಳು. ಬದನೆಕಾಯಿ ಪಲ್ಯಕ್ಕೆ ಉಪ್ಪು ಕಡಿಮೆ ಎಂದು ನಾಗಲಿಂಗನಿಗೆ ಹೇಳಿ, ಅವನೇ ಹೋಗಿ ಉಪ್ಪು ತರುವ ತನಕ ಕೂತೇ ಇದ್ದಳು. ಊಟವಾದ ಮೇಲೆ ತಾಟು ತೊಳೆಯಲು ಏಳಹೊರಟವಳನ್ನು ಐಶ್ವರ್ಯಾ ತೊಡೆಯ ಮೇಲೆ ತಲೆಯಿಟ್ಟು ಮಲಗಿ ಏಳದಂತೆ ಮಾಡಿದಳು. ಎಲ್ಲರೂ ಮಾವಿನಹಣ್ಣು ತಿನ್ನುತ್ತ ಕೂತರು. ರಂಗವ್ವ ತಾವು ಸೊಸೆಯಂದಿರಾಗಿದ್ದಾಗ ಅತ್ತೆಯ ಮಾವಿನಕಾಯಿ ಕದ್ದು, ಗೊರಟೆಯನ್ನು ಹುಲ್ಲಪ್ಪನ ರುಮಾಲಿನಲ್ಲಿ ಮುಚ್ಚಿಟ್ಟದ್ದನ್ನು ಹೇಳಿದಳು. “ನಾ ಇಟ್ಟಿದ್ದಿಲ್ಲ, ನೀ ಇಟ್ಟಿದ್ದಿ,” ಅಂದಳು ಗುರುಲಿಂಗವ್ವ. “ನೀನ,” ಅಂದಳು ರಂಗವ್ವ. ಆ ವಾದ ಬಗೆಹರಿಯಲಿಲ್ಲ. ಅತ್ತಿ ಹೀಗೆ ವಾದ ಮಾಡುವುದನ್ನು ನೇತ್ರಾ ಮೊದಲ ಸಲ ಕೇಳಿದಳು.

ಮರುದಿನ ಮುಂಜಾನೆ ಯುನೂಸನ ಟಂಟಂದಲ್ಲಿ ಒಂದು ಟ್ರಂಕು, ಹಾಸಿಗೆ, ಹಂಚು, ಉಳಿದ ಮಾದಲಿಯ ಡಬ್ಬಿ ಇಟ್ಟರು. ಗುರುಲಿಂಗವ್ವ ಎಲ್ಲರ ಗಲ್ಲ ಮುಟ್ಟಿ ಲಟಿಕೆ ಮುರಿದು, ರಂಗವ್ವನ ಬಾಜೂ ಕೂತಳು. ಅಳಬಾರದೆಂಬ ಮಾತನ್ನು ಸಾವಂತ್ರೆವ್ವ ಓಣಿಯ ತಿರುವಿನ ತನಕ ನಡೆಸಿದಳು, ಆಮೇಲೆ ಆಗಲಿಲ್ಲ. ಹೊಳಬಸಪ್ಪ ಅಂಗಡಿ ತೆರೆಯಲು ಹೋದ. ಮಧ್ಯಾಹ್ನ ಊಟಕ್ಕೆ ಬಂದಾಗ ಹೆಂಡತಿ ಮಾಡಿದ ರೊಟ್ಟಿ ಅಕ್ಕನ ರೊಟ್ಟಿಯಷ್ಟೇ ಮೆತ್ತಗಿತ್ತು. ಅವನು ಅದನ್ನು ಹೇಳಿದ. ಸಾವಂತ್ರೆವ್ವನಿಗೆ ಸಣ್ಣಗೆ ನಗು ಬಂತು.

ಬೇವೂರಿನಲ್ಲಿ ಮೊದಲ ಹದಿನೈದು ದಿನ ಇಬ್ಬರಿಗೂ ಹೊಂದಲಿಲ್ಲ. ರಂಗವ್ವ ಬೆಳಕಾಗುವ ಮೊದಲೇ ರೇಡಿಯೋ ಹಚ್ಚುತ್ತಿದ್ದಳು. ಗುರುಲಿಂಗವ್ವ ಇದ್ದ ಪಾತ್ರೆಗಳನ್ನೆಲ್ಲ ಜಾಗ ಬದಲಿಸಿ ಇಟ್ಟು, ರಂಗವ್ವನಿಗೆ ಒಂದು ಚಮಚೆ ಸಿಗದಂತೆ ಮಾಡಿದ್ದಳು. ಒಂದು ದಿನ ಮಾತು ಬಿಟ್ಟರು. ಮರುದಿನ ಮಳೆ ಬಂತು. ಮಾಳಿಗೆ ಸೋರಲಿಲ್ಲ. ಸೋರುತ್ತದೋ ಇಲ್ಲವೋ ಎಂದು ಇಬ್ಬರೂ ಒಂದೇ ಮೂಲೆಯಲ್ಲಿ ತಲೆ ಎತ್ತಿ ನೋಡುತ್ತ ನಿಂತಿದ್ದಾಗ ಮಾತು ತಾನಾಗಿ ಬಂತು. ಆ ಮೇಲೆ ರೇಡಿಯೋದ ದನಿ ಸಣ್ಣದಾಯಿತು, ಚಮಚೆಗಳು ಹಳೆಯ ಜಾಗಕ್ಕೆ ಬಂದವು. ಓಣಿಯ ಹೆಂಗಸರು ಗುರುಲಿಂಗವ್ವನನ್ನು ಮೊದಮೊದಲು ‘ಬಾಗಲಕೋಟಿ ಅಮ್ಮ’ ಎನ್ನುತ್ತಿದ್ದವರು, ಬರಬರುತ್ತ ಹೆಸರು ಹಿಡಿದೇ ಕರೆಯತೊಡಗಿದರು.

ಶ್ರಾವಣ ಬಂತು. ನಾಗರ ಪಂಚಮಿ ಈ ಸೀಮೆಯಲ್ಲಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದುಕೊಂಡು ಹೋಗಬೇಕು. ಗುರುಲಿಂಗವ್ವ ತವರಲ್ಲೇ ಇದ್ದವಳಾದ್ದರಿಂದ ಆಕೆಯನ್ನು ಕರೆಯಲು ಯಾರೂ ಬರಬೇಕಾಗಿರಲಿಲ್ಲ. ತವರಿಗೆ ಬರುವ ಓಣಿಯ ಹುಡುಗಿಯರಿಗೆ, ಆಮೇಲೆ ನೇತ್ರಾಳಿಗೆ, ಎಳ್ಳುಂಡಿ ಶೇಂಗಾದುಂಡಿ ಕಟ್ಟುವುದೇ ಆಕೆಯ ಪಂಚಮಿಯಾಗಿತ್ತು.

ಪಂಚಮಿಗೆ ಎರಡು ದಿನ ಇರುವಾಗ ಹೊಳಬಸಪ್ಪ ಬೇವೂರಿನ ಮನೆಯ ಮುಂದೆ ಬಂದು ನಿಂತ. ಹೊಸ ಧೋತರ ಉಟ್ಟಿದ್ದ. ಕೈಯಲ್ಲಿ ಅಕ್ಕನ ರವಿಕೆಗೆಂದು ತಂದ ಕುಬಸದ ಕಣ ಇತ್ತು. ಗುರುಲಿಂಗವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ಏನೋ ತಮ್ಮಾ, ಅಂಗಡಿ ಬಿಟ್ಟ ಬಂದಿ?”

“ಪಂಚಮಿಗೆ ಕರಿಯಾಕ ಬಂದೇನಿ.”

ಆಕೆಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಮರವನ್ನು ಕೆಳಗಿಟ್ಟು, ಮೊಣಕಾಲಿಗೆ ಕೈ ಊರಿ ಎದ್ದು, ಸೀರೆ ಬದಲಿಸಲು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಹೊಳಬಸಪ್ಪ ಕಟ್ಟೆಯ ಮೇಲೆ ಕೂತ. ರಂಗವ್ವ ಚಹಾ ತಂದು ಕೊಟ್ಟಳು.

“ಎಷ್ಟ ದಿನಕ್ಕ ಕರಕೊಂಡ ಹೊಂಟೀರಿ, ಅಣ್ಣಾರ?”

“ಹಬ್ಬಾ ಮುಗಿಯೂತನಕ ಇರ್ಲಿ. ನೀವೂ ಬರ್ರಿ.”

“ನನ್ನ ಮಕ್ಕಳು ಬರ್ತಾರ, ನಾ ಬರೂದ ಆಗೂದಿಲ್ಲ. ಆದ್ರ ಮುಗದ ಕೂಡ್ಲೆ ಕಳಸ್ರಿ. ಆಕಿ ಮನಿ ಇಲ್ಲೈತಿ.”

ಹೊಳಬಸಪ್ಪ ಬಶಿಗೆ ಚಹಾ ಸುರಿದುಕೊಂಡು, ಊದಿ, ಒಂದು ಗುಟುಕು ಕುಡಿದ.

“ಕಳಸ್ತೇನ್ರಿ,” ಅಂದ. “ನಾನ ಬಂದ ಬಿಟ್ಟ ಹೋಗ್ತೇನಿ.”